ಹಳ್ಳದ ನೆರಳು ಮತ್ತು ಹಸಿರು ರೆಕ್ಕೆಯ ಹುಳು

ಮಳೆ ಬಿದ್ದ ಮೇಲೆ ಹಿರಿಯೂರು ಸೀಮೆಯ ಅಡಿಕೆ ತೋಟಗಳಲ್ಲಿ ಗುಂಪುಗುಂಪಾಗಿ ಹಾರಾಡುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ನಮ್ಮ ಸದಸ್ಯರೆಲ್ಲರೂ ಬಲ್ಲರು. ನಿಜಕ್ಕೂ ಅದು ಚಿಟ್ಟೆಯಲ್ಲ, ಮಕ್ಕಳಿಟ್ಟ ಹೆಸರು ನಿಂತುಬಿಟ್ಟಿದೆ. ಗುಂಡಿಯಲ್ಲಿ ನಿಂತ ಮಳೆನೀರೇ ಅದರ ಮರಿಗೆ ಸಾಕು. ಒಂದೂವರೆ ಎರಡು ತಿಂಗಳಲ್ಲಿ ರೆಕ್ಕೆ ಮೂಡಿಸಿಕೊಂಡು ಹೊರಡುತ್ತದೆ. ಈ ಜಾತಿ ಅಕ್ಟೋಬರ್ ಸುಮಾರಿಗೆ ಮಾಲ್ಡೀವ್ಸ್ ದ್ವೀಪಗಳನ್ನು ಮುಟ್ಟಿ, ಸಮುದ್ರದ ಮೇಲೆಯೇ ಆಫ್ರಿಕಾದತ್ತ ಸಾಗುತ್ತದೆಂದು ಆಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ವಿವರಿಸಿದರು.

ಇದರ ದಾಯಾದಿಯೊಂದು ಪಶ್ಚಿಮ ಘಟ್ಟದ ಕಾಡುಹಳ್ಳಗಳಲ್ಲಿದೆ. ಅದಕ್ಕೆ ಹರಿಯುವ ತಿಳಿನೀರೇ ಆಗಬೇಕು. ಶಾಸ್ತ್ರೀಯ ಹೆಸರು ನ್ಯೂರೋಬೇಸಿಸ್ ಚೈನೆನ್ಸಿಸ್. ಮೈ ಕಡ್ಡಿಯಂತೆ ಸಣ್ಣ. ಕಲ್ಲಿನ ಮೇಲೆ ರೆಕ್ಕೆ ಮಡಿಸಿ ಕೂತಾಗ ಬರೀ ಕಂದು ಎಲೆ. ಗಂಡು ಎದ್ದು ಹಾರಿತೆಂದರೆ ಹಿಂದಿನ ರೆಕ್ಕೆಯ ಮೇಲ್ಮೈ ನವಿಲುಗರಿಯಂತೆ ಹಸಿರಾಗಿ ಮಿಂಚುತ್ತದೆ. ಹೆಣ್ಣು ನೀರಿನಲ್ಲಿ ಮುಳುಗಿರುವ ಗಿಡ, ಬೇರುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ನೀರಿನೊಳಗೇ ಇದ್ದು ಸಣ್ಣಪುಟ್ಟ ಹುಳುಗಳನ್ನು ತಿಂದು ಬೆಳೆಯುತ್ತದೆ. ಇಂಥ ಕೀಟಗಳ ಬಗ್ಗೆ ಸೇನಾ ವೈದ್ಯ ಫ್ರೇಜರ್ ಬರೆದ ಮೂರು ಸಂಪುಟಗಳು 1933ರಿಂದ 1936ರೊಳಗೆ ಹೊರಬಂದವು. ಅವರು ಕೊಡಗಿನ ಹಳ್ಳಗಳಲ್ಲೂ ಹುಡುಕಾಡಿದ್ದವರು.

ಬಯಲುಸೀಮೆಯವರಿಗೆ ಘಟ್ಟದ ಹುಳುವಿನ ಉಸಾಬರಿ ಏಕೆಂದು ಕೇಳಬಹುದು. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ, ಅವತಿ ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಕಡೆಯಿಂದ ನಮ್ಮ ಮಾರಿಕಣಿವೆಗೆ ಬರುತ್ತವೆ. 1907ರಲ್ಲಿ ಮುಗಿದ ಈ ಕಟ್ಟೆ 1933ರಲ್ಲಿ ತುಂಬಿದ ಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಮೇಲಿನ ಕಾಫಿ ತೋಟದ ಹಳ್ಳವೂ ಕೆಳಗಿನ ಅಡಿಕೆ ತೋಟದ ಕಾಲುವೆಯೂ ಒಂದೇ ನೀರಿನವು.

ಅರೇಬಿಕಾ ಹಣ್ಣು ಪಲ್ಪರಿಗೆ ಬೀಳುವುದು ಹಳ್ಳಗಳು ಸೊರಗುವ ಚಳಿಗಾಲದಲ್ಲೇ. ಸಿಪ್ಪೆ, ಲೋಳೆ ಬೆರೆತ ನೀರು ಹಳ್ಳಕ್ಕಿಳಿದರೆ ಅಲ್ಲಿ ಕೊಳೆತು ಮರಿಗಳ ಉಸಿರಿನ ಗಾಳಿಯನ್ನೇ ಕಸಿಯುತ್ತದೆ. ಹಾರುವ ಹುಳು ಬೇರೆಡೆಗೆ ಹೋದೀತು, ಮರಿ ಎಲ್ಲಿಗೆ ಹೋಗಬೇಕು? ಆ ನೀರನ್ನು ಹೊಂಡಕ್ಕೆ ತಿರುಗಿಸಿ ಶುದ್ಧಿಮಾಡದೆ ಬಿಡಬಾರದು. ಬೋರ್ಡೋ ದ್ರಾವಣದ ಪೀಪಾಯಿಯನ್ನು ಹಳ್ಳದಲ್ಲಿ ತೊಳೆಯುವ ರೂಢಿಯೂ ಕೆಟ್ಟದ್ದು. ಮೈಲುತುತ್ತದ ತಾಮ್ರ ಶಿಲೀಂಧ್ರಕ್ಕೆ ಹೇಗೋ ಜಲಚರಕ್ಕೂ ಹಾಗೆಯೇ ವಿಷ. ಹಳ್ಳದ ಅಂಚಿನ ಕಾಡುಮರಗಳನ್ನು ನೆರಳು ಹೆಚ್ಚಾಯಿತೆಂದು ಕಡಿಯುವವರು, ಕೊಂಬೆ ಸವರುವ ಕೆಲಸವನ್ನು ಕಾಫಿ ಸಾಲಿನವರೆಗೆ ಮಾತ್ರ ಇಟ್ಟುಕೊಂಡರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮಲೆನಾಡಿನ ಸದಸ್ಯರು ಬಿಸಿಲೇರಿದ ಮೇಲೆ ತಮ್ಮ ಹಳ್ಳದ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಲಿ. ಪಲ್ಪಿಂಗ್ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ.