ಬಿರುಸಾದ ಕಡಲಲ್ಲಿ ದೋಣಿಯ ಏಣಿ ಹತ್ತುವ ಬಗೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸಾರ್ವಜನಿಕರ, ವಿಶೇಷವಾಗಿ ಯುವಜನರ ಗಮನಕ್ಕೆ ತರಬಯಸುವುದೇನೆಂದರೆ, ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ನಮ್ಮದೂ ಒಂದಾಗಿದ್ದು, ಕಡಲಿನ ಪರಿಚಯ ನಮಗೆ ಪ್ರವಾಸದ ಎರಡು ದಿನಗಳಿಗಷ್ಟೇ ಸೀಮಿತವಾಗಿದೆ. ಶಿವಮೊಗ್ಗ, ಸಾಗರ, ಹೊನ್ನಾವರದ ಮಾರ್ಗವಾಗಿ ಮುರುಡೇಶ್ವರಕ್ಕೆ ಹೋಗುವವರಲ್ಲಿ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ತೆರಳಿ ಸ್ಕೂಬಾ ಡೈವಿಂಗ್ ಮಾಡಲು ಬಯಸುವವರಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಮೃತಪಟ್ಟರು. ಅವರು ಡೈವಿಂಗ್‌ಗೆ ಹೋದವರಲ್ಲ, ದಡದಲ್ಲಿಯೇ ನೀರಿಗಿಳಿದವರು. ಒಳನಾಡಿನವರಿಗೆ ಅಲೆಯ ಬಲದ ಅಂದಾಜು ಸಿಗುವುದು ಎಷ್ಟು ಕಷ್ಟವೆಂಬುದಕ್ಕೆ ಈ ಘಟನೆಯನ್ನು ಇಲ್ಲಿ ನೆನಪಿಸಬೇಕಾಗಿದೆ.

ನೇತ್ರಾಣಿಯು ಭಟ್ಕಳ ತಾಲ್ಲೂಕಿನ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಡೈವಿಂಗ್ ನಡೆಯುವುದಿಲ್ಲ. ಉಳಿದ ಕಾಲದಲ್ಲಿಯೂ ಬೆಳಿಗ್ಗೆ ಕನ್ನಡಿಯಂತಿದ್ದ ಕಡಲು ಮಧ್ಯಾಹ್ನದ ಗಾಳಿಗೆ ಒರಟಾಗುವುದುಂಟು. ಮೊದಲ ಬಾರಿಗೆ ಮುಳುಗುವವರು ನೀರಿನ ಒಳಗನ್ನು ಕುರಿತೇ ಹೆದರುತ್ತಾರೆ. ಆದರೆ ಅಲೆಯ ಕುಲುಕಾಟವು ಮೇಲ್ಭಾಗದಲ್ಲಿಯೇ ಹೆಚ್ಚು. ಕೆಳಗಿಳಿದಂತೆ ಅದು ತಗ್ಗುತ್ತದೆ. ಆದ್ದರಿಂದ ಪೆಟ್ಟಾಗುವ ಸಂಭವ ಹೆಚ್ಚಿರುವುದು ಎಲ್ಲ ಮುಗಿದು ದೋಣಿಗೆ ಮರಳುವ ಆ ಎರಡು ನಿಮಿಷಗಳಲ್ಲಿ.

ನಮ್ಮಲ್ಲಿ ಈಜು ಕಲಿತವರು ಬಹುತೇಕ ಬಾವಿಯಲ್ಲಿಯೋ ಕೆರೆಯಲ್ಲಿಯೋ ಕಲಿತವರು. ಬಾವಿಯ ಮೆಟ್ಟಿಲು ನಿಂತಲ್ಲಿಯೇ ನಿಂತಿರುತ್ತದೆ. ದಣಿದವನು ಹೇಗೆ ಬಂದು ಹಿಡಿದರೂ ಅದು ಅಲುಗದು. ದೋಣಿಯ ಏಣಿ ಹಾಗಲ್ಲ. ಅದು ಸಾಮಾನ್ಯವಾಗಿ ದೋಣಿಯ ಹಿಂಭಾಗದಲ್ಲಿ ತೂಗಿರುತ್ತದೆ. ಅಲೆ ಬಂದಾಗ ಆ ಭಾಗ ಇಡೀ ದೋಣಿಯ ಭಾರದೊಡನೆ ಮೇಲೆದ್ದು, ಮರುಗಳಿಗೆ ನೀರಿಗೆ ಅಪ್ಪಳಿಸುತ್ತದೆ. ಆ ಕೆಳಗೆ ತಲೆಯಿದ್ದರೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನೀರಿನ ಮೇಲೆ ಬಂದ ಕೂಡಲೇ ಏಣಿಯತ್ತ ಧಾವಿಸತಕ್ಕದ್ದಲ್ಲ. ಮೊದಲು ತೇಲುವ ಜಾಕೆಟ್‌ಗೆ ಗಾಳಿ ತುಂಬಿಕೊಂಡು, ದೋಣಿಯ ಹಿಂದೆ ಬಿಟ್ಟಿರುವ ಹಗ್ಗವನ್ನು ಹಿಡಿದು, ಐದಾರು ಅಲೆಗಳನ್ನು ಸುಮ್ಮನೆ ನೋಡಬೇಕು. ಎಂಜಿನ್ ನಿಂತಿದೆಯೆಂದು ಸಿಬ್ಬಂದಿ ಸನ್ನೆ ಮಾಡುವವರೆಗೆ ಹತ್ತಿರ ಹೋಗಬಾರದು. ಮುಖದ ಮಾಸ್ಕನ್ನಾಗಲಿ ಬಾಯಿಯ ರೆಗ್ಯುಲೇಟರನ್ನಾಗಲಿ ಈ ಹಂತದಲ್ಲಿ ತೆಗೆಯಬಾರದು. ಮೇಲೆ ಬಂದಾಯಿತಲ್ಲ ಎಂದು ಎರಡನ್ನೂ ಕಿತ್ತು ನಗುವುದು ಸಹಜ. ಅಷ್ಟರಲ್ಲಿ ಮುಖಕ್ಕೆ ಬಡಿದ ಒಂದು ಅಲೆ ಸಾಕು, ಉಸಿರಿನೊಡನೆ ನೀರು ಒಳಹೋಗಲು. ಸಿಲಿಂಡರಿನಲ್ಲಿ 50 ಬಾರ್‌ನಷ್ಟು ಗಾಳಿ ಉಳಿದಿರುವಾಗಲೇ ಮೇಲೆ ಬರಬೇಕೆಂಬ ರೂಢಿಗೆ ಈ ಕಾಯುವಿಕೆಯೂ ಒಂದು ಕಾರಣ.

ದೋಣಿಯ ಹಿಂಭಾಗ ಮೇಲೆದ್ದಿರುವಾಗ ದೂರವಿದ್ದು, ಅದು ಪೂರ್ತಿ ಇಳಿದ ಮೇಲೆ ಏಣಿಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿಯಬೇಕು. ಓಡುವ ಎತ್ತಿನ ಗಾಡಿಯನ್ನು ಹಿಂದಿನಿಂದ ಹತ್ತಿದವರಿಗೆ ಈ ಲಯ ಬೇಗ ತಿಳಿದೀತು. ಹಿಡಿದ ಮೇಲೆ ಬಿಡಬಾರದು, ಆತುರದಿಂದ ಹತ್ತಲೂ ಬಾರದು. ಮೊಣಕೈ ಮಡಿಸಿ ಏಣಿಯೊಡನೆಯೇ ಒಮ್ಮೆ ಏರಿ ಇಳಿಯಬೇಕು. ಅಲೆಯ ತಳದಿಂದ ಏಣಿ ಮೇಲೇಳುವಾಗ ದೇಹ ಭಾರವೆನಿಸುತ್ತದೆ, ತುದಿಯಲ್ಲಿ ಹಗುರವೆನಿಸುತ್ತದೆ. ಹೆಜ್ಜೆಯಿಡಬೇಕಾದದ್ದು ಆ ಹಗುರದ ಗಳಿಗೆಯಲ್ಲಿ. ಏಣಿಗೂ ದೋಣಿಗೂ ನಡುವೆ ಕೈ ತೂರಿಸಿದರೆ ಬೆರಳು ಜಜ್ಜಿಹೋಗುವುದು ಖಚಿತ. ಈಜುಪಾದಗಳನ್ನು ಏಣಿ ಕೈಗೆ ಸಿಕ್ಕ ನಂತರವೇ ಕಳಚಬೇಕು. ಮೊದಲೇ ಕಳಚಿದವನು ಕೈ ಜಾರಿದರೆ ಮರಳಿ ಈಜಿ ಬರಲಾರ.

ಗಾಳಿ ತುಂಬಿದ ಸಿಲಿಂಡರ್ ಒಂದೇ ಸಾಕಷ್ಟು ಭಾರವಾಗಿರುತ್ತದೆ. ನೀರಿನಲ್ಲಿ ಈ ಭಾರ ತಿಳಿಯದು, ಏಣಿಯ ಮೊದಲ ಮೆಟ್ಟಿಲಿನಲ್ಲಿ ಥಟ್ಟನೆ ತಿಳಿಯುತ್ತದೆ. ಆದಕಾರಣ ಒರಟು ಕಡಲಲ್ಲಿ ಉಪಕರಣವನ್ನು ನೀರಿನಲ್ಲಿಯೇ ಕಳಚಿ ಮೇಲಕ್ಕೆ ಕೊಡುವುದುಂಟು. ಆಗ ತೂಕದ ಪಟ್ಟಿಯನ್ನು ಮೊದಲು ಕೊಡಬೇಕು, ಜಾಕೆಟ್ಟನ್ನು ಆಮೇಲೆ. ಕ್ರಮ ತಪ್ಪಿದರೆ ತೇಲಿಸುವುದು ಹೋಗಿ ಮುಳುಗಿಸುವುದು ಮಾತ್ರ ಸೊಂಟದಲ್ಲಿ ಉಳಿಯುತ್ತದೆ. ಕಲಿಯುವವರಿಗೆ ಇದನ್ನೆಲ್ಲ ತರಬೇತುದಾರರೇ ಮಾಡಿಸುತ್ತಾರೆ. ಆದರೂ ಒಬ್ಬರು ಹತ್ತುತ್ತಿರುವಾಗ ಅವರ ಕೆಳಗೆ ಸರದಿ ಕಾಯುವುದನ್ನು ಮಾತ್ರ ಯಾರೂ ಮಾಡಬಾರದು. ಜಾರಿದವನ ಸಿಲಿಂಡರ್ ಬೀಳುವುದು ಅಲ್ಲಿಯೇ.

ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಎತ್ತರದ ಅಲೆಗಳ ಮುನ್ಸೂಚನೆಯನ್ನೂ ನೋಡತಕ್ಕದ್ದು. ನೆಗಡಿ, ಕಿವಿನೋವು, ಉಬ್ಬಸ, ಹೃದ್ರೋಗವಿದ್ದಲ್ಲಿ ಆರೋಗ್ಯ ನಮೂನೆಯಲ್ಲಿ ಮರೆಮಾಚದೆ ಬರೆಯಬೇಕು. ಕಟ್ಟಿದ ಹಣ ಹೋಗುವುದೆಂದು ಸುಳ್ಳು ಬರೆಯುವವರಿದ್ದಾರೆ.

ನಮ್ಮ ತಾಲ್ಲೂಕಿನವರಿಗೇ ವಿಶೇಷವಾಗಿ ಅನ್ವಯಿಸುವ ಇನ್ನೊಂದು ವಿಷಯವಿದೆ. ಆಳದಲ್ಲಿ ಉಸಿರಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಸಾರಜನಕ ಕರಗಿ ಸೇರುತ್ತದೆ. ಅದು ಹೊರಹೋಗಲು ಸಮಯ ಬೇಕು. ಬೇಗನೆ ಎತ್ತರಕ್ಕೇರಿದರೆ ಗುಳ್ಳೆಗಳಾಗಿ ಸಂಧಿನೋವು, ಜೋಮು, ಅತಿಯಾದ ಸುಸ್ತು ತರಬಹುದು. ಒಂದೇ ಬಾರಿ ಮುಳುಗಿದವರು 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ವಿಮಾನವೇರಬಾರದೆಂಬ ಮಾರ್ಗಸೂಚಿಯಿದ್ದು, ಅದು ಲೆಕ್ಕಕ್ಕೆ ಹಿಡಿಯುವ ಎತ್ತರ ಸುಮಾರು 600 ಮೀಟರಿನಿಂದಲೇ ಆರಂಭವಾಗುತ್ತದೆ. ಚಿತ್ರದುರ್ಗವು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಗೆ ಬರುವ ದಾರಿಯಲ್ಲಿ ಘಟ್ಟವನ್ನೂ ಹತ್ತಬೇಕು. ಸಂಜೆಗೇ ಬಸ್ಸು ಹಿಡಿದು ರಾತ್ರೋರಾತ್ರಿ ಊರು ಸೇರುವ ನಮ್ಮ ಅಭ್ಯಾಸವನ್ನು ಈ ಒಂದು ಪ್ರವಾಸದಲ್ಲಿ ಕೈಬಿಟ್ಟು, ತೀರದಲ್ಲಿಯೇ ತಂಗಿ ಮರುದಿನ ಹೊರಡುವುದು ಸೂಕ್ತ. ಊರಿಗೆ ಬಂದ ಮೇಲೆ ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ 108ಕ್ಕೆ ಕರೆ ಮಾಡಿ, ಯಾವ ದಿನ, ಎಷ್ಟು ಆಳಕ್ಕೆ ಮುಳುಗಿದ್ದಿರಿ ಎಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸತಕ್ಕದ್ದು. ಚಳ್ಳಕೆರೆಯ ರೋಗಿಯೊಬ್ಬನನ್ನು ಕಡಲಿಗೆ ಹೋಗಿದ್ದೆಯಾ ಎಂದು ಯಾವ ವೈದ್ಯರೂ ಮೊದಲಿಗೆ ಕೇಳಲಾರರು.