ಮಳೆಯೇ ಕಡೆದ ಬೆಟ್ಟಗಳು

ಅಮೆರಿಕದ ಷಿಕಾಗೋದಲ್ಲಿರುವ ಓದುಗರೊಬ್ಬರ ಪ್ರಶ್ನೆ: ‘ಜೂನ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಸೌತ್ ಡಕೋಟದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಹೋಗಿದ್ದೆವು. ಪ್ರೇರಿ ಹುಲ್ಲುಗಾವಲಿನ ಉದ್ದಕ್ಕೂ ಮಳೆ. ಅಲ್ಲಿ ಮುಟ್ಟಿದ ಮೇಲೂ ಬಿಡಲಿಲ್ಲ. ಹೋದದ್ದು ವ್ಯರ್ಥವಾಯಿತೇ?’

ಖಂಡಿತ ಇಲ್ಲ. ಅವರು ನೋಡಲು ಹೋದದ್ದೇ ಮಳೆಯ ಕೆಲಸವನ್ನು!

ಐ-90 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ, ಚೇಂಬರ್ಲೇನ್ ಊರಿನ ಬಳಿ ಮಿಸೌರಿ ನದಿ ದಾಟಿದರೆ ನೆಲ ಒಣಗುತ್ತಾ ಹೋಗುತ್ತದೆ, ಹುಲ್ಲು ಗಿಡ್ಡವಾಗುತ್ತದೆ. ಪೆಸಿಫಿಕ್ ಕಡೆಯ ತೇವವನ್ನು ರಾಕಿ ಪರ್ವತಗಳು ತಡೆಯುತ್ತವೆ. ಇಲ್ಲಿಗೆ ನೀರು ತರುವುದು ಮುಖ್ಯವಾಗಿ ಮೆಕ್ಸಿಕೋ ಕೊಲ್ಲಿಯ ಗಾಳಿ. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ; ಬೇಸಿಗೆಯಲ್ಲಿ ಅದು ಗುಡುಗು ಸಿಡಿಲಿನೊಂದಿಗೆ ರಪರಪನೆ ಬಡಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಹಿಡಿದಿಡಲು ಬೇರುಗಳಿಲ್ಲ. ನೀರು ಮಣ್ಣನ್ನೇ ಹೊತ್ತು ಓಡುತ್ತದೆ.

ಎಂಥ ಮಣ್ಣು? ಧಾರವಾಡ, ಗದಗ ಕಡೆಯ ಎರೆಹೊಲದಲ್ಲಿ ಮಳೆ ಬಂದಾಗ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಕೈ ತೂರುವಷ್ಟು ಬಿರಿಯುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಸ್ಮೆಕ್ಟೈಟ್ ಜೇಡಿಯ ಗುಣವಿದು. ಬ್ಯಾಡ್‌ಲ್ಯಾಂಡ್ಸ್‌ನಲ್ಲಿರುವುದೂ ಅದೇ ಜಾತಿಯ ಜೇಡಿ. ನಮ್ಮದು ಕಲ್ಲು ಕೊಳೆತು ಬಂದದ್ದು. ಅಲ್ಲಿಯದು ಪಶ್ಚಿಮದ ಜ್ವಾಲಾಮುಖಿಗಳಿಂದ ಹಾರಿಬಂದ ಬೂದಿ ಮಾರ್ಪಟ್ಟದ್ದು. ನಮ್ಮ ಎರೆ ಸಮತಟ್ಟಾಗಿ ಹಾಸಿರುವುದರಿಂದ ಹತ್ತಿ, ಜೋಳ ಬೆಳೆಯುತ್ತದೆ. ಅದೇ ಗುಣದ ಮಣ್ಣು ಕಡಿದಾಗಿ ನಿಂತರೆ ಪ್ರತಿ ಮಳೆಗೂ ಉಬ್ಬಿ, ಸಡಿಲವಾಗಿ, ಜಾರುತ್ತದೆ. ಒಣಗಿದ ಮೇಲೆ ಇಳಿಜಾರಿನ ಮೈ ಹುರುಕು ಹುರುಕಾಗಿ ಅರಳಿ, ಮುಂದಿನ ಮಳೆಗೆ ಸಿದ್ಧವಾಗಿರುತ್ತದೆ.

ಹೀಗೆ ಇಲ್ಲಿನ ಬೆಟ್ಟಗಳು ವರ್ಷಕ್ಕೆ ಸರಾಸರಿ ಒಂದು ಅಂಗುಲ ಸವೆಯುತ್ತವೆ. ಪಕ್ಕದ ಬ್ಲ್ಯಾಕ್ ಹಿಲ್ಸ್‌ನಲ್ಲಿ ಅಧ್ಯಕ್ಷರ ಮುಖಗಳನ್ನು ಕೆತ್ತಿರುವ ಮೌಂಟ್ ರಷ್‌ಮೋರ್‌ನ ಗ್ರಾನೈಟ್ ಅಷ್ಟೇ ಸವೆಯಲು ಸುಮಾರು 10,000 ವರ್ಷ ಬೇಕು. ಸವೆತ ಶುರುವಾಗಿ ಸುಮಾರು 5 ಲಕ್ಷ ವರ್ಷವಾಯಿತು. ಇನ್ನೈದು ಲಕ್ಷ ವರ್ಷದಲ್ಲಿ ಈ ಬೆಟ್ಟಗಳೇ ಇರುವುದಿಲ್ಲ ಎಂಬುದು ಭೂವಿಜ್ಞಾನಿಗಳ ಅಂದಾಜು.

ಸವೆತದಲ್ಲೇ ಲಾಭವೂ ಇದೆ. ಒಂದೊಂದು ಪದರ ಕಳಚಿದಂತೆ 3 ಕೋಟಿ ವರ್ಷಕ್ಕೂ ಹಿಂದಿನ ಸಸ್ತನಿಗಳ ಮೂಳೆಗಳು ಹೊರಬೀಳುತ್ತವೆ: ಪುಟ್ಟ ಕುದುರೆ, ಒಂಟೆಯ ಪೂರ್ವಜ, ಕತ್ತಿಹಲ್ಲಿನ ಬೇಟೆಗಾರ. ಈ ನೆಲದ ಲಕೋಟಾ ಜನರಿಗೆ ಈ ಮೂಳೆಗಳ ಪರಿಚಯ ಮೊದಲಿನಿಂದಲೂ ಇತ್ತು. 1840ರ ದಶಕದಲ್ಲಿ ಸೇಂಟ್ ಲೂಯಿಸ್‌ನ ವೈದ್ಯ ಹೈರಮ್ ಪ್ರೌಟ್ ಇಲ್ಲಿನ ದೈತ್ಯ ಪ್ರಾಣಿಯೊಂದರ ದವಡೆಯ ತುಂಡಿನ ಬಗ್ಗೆ ಬರೆದರು. ಬೆನ್ನಲ್ಲೇ ಫಿಲಡೆಲ್ಫಿಯಾದ ಜೋಸೆಫ್ ಲೈಡಿ ಒಂದರ ಮೇಲೊಂದು ಪ್ರಾಣಿಗಳನ್ನು ಗುರುತಿಸಿದರು. ಉತ್ತರ ಅಮೆರಿಕದ ಪಳೆಯುಳಿಕೆ ವಿಜ್ಞಾನಕ್ಕೆ ಭದ್ರ ಬುನಾದಿ ಬಿದ್ದದ್ದು ಹಾಗೆ. 2010ರಲ್ಲಿ 7 ವರ್ಷದ ಬಾಲಕಿಯೊಬ್ಬಳು ಪ್ರವಾಸಿ ಕೇಂದ್ರದ ಹತ್ತಿರವೇ ಕತ್ತಿಹಲ್ಲಿನ ಪ್ರಾಣಿಯ ತಲೆಬುರುಡೆ ಕಂಡು ಸಿಬ್ಬಂದಿಗೆ ತಿಳಿಸಿದ್ದಳು.

ನೀವು ಹೋದಾಗ ಮಳೆ ಬಂದರೆ ಕಚ್ಚಾ ರಸ್ತೆಗೂ ಜಾರುವ ಇಳಿಜಾರಿಗೂ ಇಳಿಯಬೇಡಿ. ಮಳೆ ನಿಂತ ಮೇಲೆ ಕಾಲುದಾರಿಯಲ್ಲಿ ಮಕ್ಕಳೊಂದಿಗೆ ನೆಲ ನೋಡುತ್ತಾ ನಡೆಯಿರಿ. ಮೂಳೆಯಂಥದ್ದೇನಾದರೂ ಕಂಡರೆ ಮುಟ್ಟದೆ ಫೋಟೊ ತೆಗೆದು, ಜಾಗ ಗುರುತಿಟ್ಟುಕೊಂಡು ಉದ್ಯಾನದವರಿಗೆ ತಿಳಿಸಿ. ಎತ್ತಿಕೊಂಡು ಬರುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಸಿಕ್ಕಿದ ಜಾಗ ತಿಳಿಯದಿದ್ದರೆ ಆ ಮೂಳೆ ಹೇಳಬೇಕಾದ ಬಹುಪಾಲು ಸಂಗತಿ ವಿಜ್ಞಾನದ ಕೈತಪ್ಪುತ್ತದೆ.