ಅವನು, ಅವಳು, ಅವರು: ಲಿಂಗಪರಿವರ್ತಿತ ಕ್ರೀಡಾಪಟುಗಳ ಕುರಿತ ಅಭಿಮಾನಿ ಮಾತಿನಲ್ಲಿ ಧೋರಣೆಯ ವ್ಯಾಕರಣ

ಪುರುಷ ಪ್ರೌಢಾವಸ್ಥೆಯನ್ನು ಹಾದುಬಂದ ಲಿಂಗಪರಿವರ್ತಿತ ಮಹಿಳೆಯರು, ಯಾವುದೇ ಚಿಕಿತ್ಸೆ ಪಡೆದಿದ್ದರೂ, ಅಂತರರಾಷ್ಟ್ರೀಯ ಮಹಿಳಾ ಪಂದ್ಯಗಳಲ್ಲಿ ಆಡುವಂತಿಲ್ಲವೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2023ರ ನವೆಂಬರ್‌ನಲ್ಲಿ ತೀರ್ಮಾನಿಸಿತು. ಮರುವರ್ಷ ಅನಾಯಾ ಬಾಂಗರ್ ತಮ್ಮ ಲಿಂಗಪರಿವರ್ತನೆಯ ಅನುಭವವನ್ನು ಬಹಿರಂಗವಾಗಿ ಹಂಚಿಕೊಂಡಾಗ ಈ ನಿಯಮವು ಭಾರತದ ಅಭಿಮಾನಿಗಳ ಮಾತಿಗೂ ವಸ್ತುವಾಯಿತು. ಇಂತಹ ಮಾತನ್ನು ‘ಪರ’, ‘ವಿರೋಧ’ ಎಂದು ಎರಡಾಗಿ ವಿಂಗಡಿಸುವುದು ರೂಢಿ. ಕನ್ನಡದ ಮಟ್ಟಿಗೆ ಈ ವಿಂಗಡಣೆ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ.

ಮಲಯಾಳಂ ಕ್ರಿಯಾಪದವು ಕರ್ತೃವಿನ ಲಿಂಗವನ್ನು ಸೂಚಿಸುವುದಿಲ್ಲ. ತೆಲುಗಿನ ಏಕವಚನದಲ್ಲಿ ಸ್ತ್ರೀಲಿಂಗ, ನಪುಂಸಕಲಿಂಗಗಳಿಗೆ ಒಂದೇ ಆಖ್ಯಾತ ಪ್ರತ್ಯಯ. ಕನ್ನಡದಲ್ಲಾದರೋ ‘ಓಡಿದನು’, ‘ಓಡಿದಳು’, ‘ಓಡಿತು’ ಎಂಬ ಮೂರು ರೂಪಗಳಿವೆ. ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದವು ಲಿಂಗವನ್ನು ಹೇಳಿಬಿಡುತ್ತದೆ. ಆದರೆ ಅರ್ಹತೆಯ ಚರ್ಚೆ ನಡೆಯುವ ವಿಧ್ಯರ್ಥ, ನಿಷೇಧ ರೂಪಗಳಾದ ‘ಆಡಲಿ’, ‘ಆಡಬಹುದು’, ‘ಆಡಬಾರದು’ ಇವುಗಳಲ್ಲಿ ಲಿಂಗಸೂಚನೆಯಿಲ್ಲ. ಆದ್ದರಿಂದ ವ್ಯಕ್ತಿಯ ಲಿಂಗವನ್ನು ಮನ್ನಿಸುವುದು ಮತ್ತು ಆಕೆಯ ಸ್ಪರ್ಧೆಯನ್ನು ಒಪ್ಪುವುದು ವಾಕ್ಯದ ಎರಡು ಬೇರೆ ಸ್ಥಾನಗಳಲ್ಲಿ ವ್ಯಕ್ತವಾಗುತ್ತವೆ. ನಾವೇ ರಚಿಸಿದ ಎರಡು ಉದಾಹರಣೆಗಳನ್ನು ನೋಡಬಹುದು:

(1) ಅವಳು ಮಹಿಳಾ ತಂಡದಲ್ಲಿ ಆಡಬಾರದು.
(2) ಅವನು ಆಡಿದರೆ ಆಡಲಿ.

ಮೊದಲನೆಯದು ಲಿಂಗವನ್ನು ಮನ್ನಿಸಿ ಸ್ಪರ್ಧೆಯನ್ನು ನಿರಾಕರಿಸುತ್ತದೆ. ಎರಡನೆಯದು ಸ್ಪರ್ಧೆಗೆ ಅವಕಾಶವಿತ್ತು ಲಿಂಗವನ್ನೇ ನಿರಾಕರಿಸುತ್ತದೆ. ಇವನ್ನು ಕ್ರಮವಾಗಿ ‘ವಿರೋಧ’, ‘ಪರ’ ಎಂದು ಗುರುತಿಸಿದರೆ, ಗಾಯವಾಗಿರುವುದು ಎಲ್ಲಿ ಎಂಬುದೇ ತಪ್ಪಿಹೋಗುತ್ತದೆ.

‘ಅವರು’ ಎಂಬ ಗೌರವವಾಚಕದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಮೇಲ್ನೋಟಕ್ಕೆ ಅದು ಲಿಂಗನಿರಪೇಕ್ಷ ಮತ್ತು ಸಭ್ಯ. ಆದರೆ ಅಭಿಮಾನದ ಭಾಷೆ ಏಕವಚನ. ಬೀರೂರಿನ ಚಹದಂಗಡಿಯಲ್ಲಾಗಲಿ ರೈಲು ನಿಲ್ದಾಣದಲ್ಲಾಗಲಿ ಪಂದ್ಯದ ಮಾತು ಬಂದಾಗ ‘ಕೊಹ್ಲಿ ಹೊಡೆದ’ ಎನ್ನುತ್ತಾರೆಯೇ ಹೊರತು ‘ಹೊಡೆದರು’ ಎನ್ನುವುದಿಲ್ಲ. 2024ರಲ್ಲಿ ಬೆಂಗಳೂರಿನ ಮಹಿಳಾ ತಂಡ ಪ್ರೀಮಿಯರ್ ಲೀಗ್ ಗೆದ್ದಾಗ ‘ಸ್ಮೃತಿ ಗೆದ್ದಳು’ ಎನ್ನಲು ಯಾರಿಗೂ ಸಂಕೋಚವಿರಲಿಲ್ಲ. ಇಲ್ಲಿ ಏಕವಚನವು ಅಗೌರವವಲ್ಲ, ‘ನಮ್ಮವಳು’ ಎಂಬ ಸಲುಗೆ. ಎಲ್ಲ ಆಟಗಾರರಿಗೂ ಏಕವಚನ ಬಳಸುವ ಅಭಿಮಾನಿ ಲಿಂಗಪರಿವರ್ತಿತ ಆಟಗಾರ್ತಿಗೆ ಮಾತ್ರ ‘ಅವರು’ ಎಂದರೆ, ಅದು ಗೌರವವಿರಬಹುದು. ಆಯ್ಕೆಯಿಂದ ನುಣುಚಿಕೊಳ್ಳುವ ಉಪಾಯವೂ ಇರಬಹುದು. ಪತ್ರಿಕಾ ಭಾಷೆಯಲ್ಲಿ ಎಲ್ಲರಿಗೂ ಬಹುವಚನವೇ ಸಲ್ಲುವುದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಹೀಗಾಗಿ ‘ಅವರು’ ರೂಪವನ್ನು ಎಣಿಸುವ ಮೊದಲು, ಅದೇ ವ್ಯಕ್ತಿ ಇತರ ಆಟಗಾರರನ್ನು ಹೇಗೆ ಉಲ್ಲೇಖಿಸುತ್ತಾನೆ ಎಂಬುದನ್ನು ನೋಡುವುದು ಅವಶ್ಯ.

‘ಅದು’ ಎಂಬ ರೂಪಕ್ಕೂ ಇದೇ ಎಚ್ಚರ ಬೇಕು. ಮನುಷ್ಯರಿಗೆ ನಪುಂಸಕ ಸರ್ವನಾಮ ಬಳಸುವುದು ಸಾಮಾನ್ಯವಾಗಿ ಹೀನಾಯ. ಆದರೆ ಹವ್ಯಕ ಕನ್ನಡದಲ್ಲಿ ಸ್ತ್ರೀಯರಿಗೆ ‘ಅದು’ ಸಹಜ ಪ್ರಯೋಗ. ಮಾತನಾಡುವವರ ಉಪಭಾಷೆಯನ್ನು ಅರಿಯದೆ ನಿಂದೆಯ ಪಟ್ಟಿಯನ್ನು ತಯಾರಿಸಲಾಗದು.

ದತ್ತಾಂಶದ ಎಲ್ಲೆಯ ಬಗೆಗೂ ಒಂದು ಮಾತು. 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಲಿಂಗಪರೀಕ್ಷೆಯ ನಂತರ ಪದಕ ಕಳೆದುಕೊಂಡರು. ಅವರು ಲಿಂಗಪರಿವರ್ತಿತರಲ್ಲ, ಹೆಣ್ಣಾಗಿಯೇ ಬೆಳೆದವರು. ಜನರ ಮಾತು ಈ ಎರಡನ್ನೂ ಬೆರೆಸಿದರೆ ಆ ಬೆರಕೆ ನಮಗೆ ಅಧ್ಯಯನದ ವಸ್ತು. ಸಂಶೋಧಕರೇ ಬೆರೆಸಿದರೆ ಅದು ದೋಷ.

ಲಿಂಗದ ಮನ್ನಣೆ, ಸ್ಪರ್ಧೆಯ ಒಪ್ಪಿಗೆ, ಸಲುಗೆ ಈ ಮೂರನ್ನೂ ಪ್ರತ್ಯೇಕವಾಗಿ ಗುರುತಿಸುವುದು ಶ್ರಮದ ಕೆಲಸ. ಆದರೂ, ಮೈದಾನಕ್ಕೆ ಇಳಿಯಬಾರದೆಂದು ಹೇಳಿಸಿಕೊಳ್ಳುವುದು ಬೇರೆ, ‘ಅವಳು’ ಅಲ್ಲವೆಂದು ಹೇಳಿಸಿಕೊಳ್ಳುವುದು ಬೇರೆ. ಕೇಳಿಸಿಕೊಳ್ಳುವವರಿಗೆ ತಿಳಿದಿರುವ ಈ ವ್ಯತ್ಯಾಸವು ನಮ್ಮ ಕೋಷ್ಟಕಗಳಲ್ಲಿಯೂ ಕಾಣಬೇಕು.